ಆಶ್ರಮದ ಬಾಗಿಲಲ್ಲಿ: ಕಾಡುಗೋಡಿಯಿಂದ ಬಿಡದಿಯವರೆಗೆ

ಬೇರಿಕೆಯ ನಮ್ಮ ಮನೆ ಇದ್ದ ಜಾಗದಲ್ಲೇ ಇದೆ. ಜಿಲ್ಲೆ ಮಾತ್ರ ಬದಲಾಗುತ್ತಾ ಬಂದಿದೆ. 1965ರವರೆಗೆ ನಾವು ಸೇಲಂ ಜಿಲ್ಲೆಯವರು, ಆಮೇಲೆ ಧರ್ಮಪುರಿಯವರು, 2004ರಿಂದ ಕೃಷ್ಣಗಿರಿಯವರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಇದನ್ನು ನಮ್ಮ ಪಾಡು ಎಂದರೂ ಸರಿ, ಭಾಗ್ಯ ಎಂದರೂ ಸರಿ. ಈ ವಾರ್ಷಿಕವನ್ನು ಓದುವ ಕನ್ನಡ–ಮಲಯಾಳಂ ಗಡಿಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಇತಿಹಾಸಕಾರನಲ್ಲ. ಬಿ.ಎ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ಆದರೂ ಒಂದು ವಿಷಯ ಬಹಳ ವರ್ಷಗಳಿಂದ ಮನಸ್ಸಿನಲ್ಲಿದೆ. ದೊಡ್ಡ ಆಶ್ರಮವೊಂದರ ಮೇಲೆ ಜನರಿಗೆ ಸಂಶಯ ಬಂದಾಗ ಅವರು ಅದರ ಬಾಗಿಲಿಗೆ ಹೋಗಿ ಹೇಗೆ ಕೇಳುತ್ತಾರೆ? ಹೇಗೆ ಕೇಳಬೇಕು? ನಮ್ಮ ಕಡೆಯಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಎರಡು ಆಶ್ರಮಗಳ ಕಥೆಯನ್ನು ಹಿಡಿದು ಇದನ್ನು ವಿಚಾರ ಮಾಡಿದ್ದೇನೆ. ಒಂದು ಬೆಂಗಳೂರಿನ ವೈಟ್‌ಫೀಲ್ಡ್ ಹತ್ತಿರ ಕಾಡುಗೋಡಿಯಲ್ಲಿರುವ ಸತ್ಯಸಾಯಿ ಬಾಬಾ ಅವರ ಬೃಂದಾವನ. ಇನ್ನೊಂದು ಮೈಸೂರು ರಸ್ತೆಯ ಬಿಡದಿಯಲ್ಲಿರುವ ನಿತ್ಯಾನಂದರ ಧ್ಯಾನಪೀಠ. ಇವೆರಡೂ ಒಂದೇ ಬಗೆಯವು ಎಂದು ನಾನು ಹೇಳುತ್ತಿಲ್ಲ. ಎರಡರ ಬಾಗಿಲಲ್ಲೂ ಪ್ರಶ್ನೆ ಕೇಳಿದ ಜನ ನಿಂತಿದ್ದರು ಎಂಬಷ್ಟಕ್ಕೆ ಅವು ಒಟ್ಟಿಗೆ ಬರುತ್ತವೆ.

ಮೊದಲನೆಯ ಕಥೆ ನಾನು ಹುಟ್ಟುವ ಮುಂಚಿನದು. ಅದನ್ನು ನನಗೆ ಹೇಳಿದವರು ನನ್ನ ಸೋದರಮಾವ. 1976ರಲ್ಲಿ ಅವರು ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದರು. ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು ಡಾ. ಎಚ್. ನರಸಿಂಹಯ್ಯನವರು. ಅವರ ಹೆಸರಿನ ಮೊದಲಕ್ಷರ ಹೊಸೂರಿನದು ಎಂದು ತಿಳಿದು ಮಾವ ಕೆಲವು ದಿನ ಹೆಮ್ಮೆಯಿಂದ ಬೀಗಿದ್ದರಂತೆ. ಆಮೇಲೆ ಗೊತ್ತಾಯಿತು, ಅದು ನಮ್ಮ ಹೊಸೂರಲ್ಲ, ಗೌರಿಬಿದನೂರು ತಾಲ್ಲೂಕಿನ ಹೊಸೂರು ಎಂದು. ಬಡ ಮನೆಯಲ್ಲಿ ಹುಟ್ಟಿ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡು, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದವರು ಅವರು. ಮದುವೆಯಾಗಲಿಲ್ಲ. ಕುಲಪತಿಯಾದಾಗಲೂ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯನ್ನು ಬಿಡಲಿಲ್ಲ. ಖಾದಿ ಪಂಚೆ, ಜುಬ್ಬ, ಟೋಪಿ ಅವರ ಉಡುಗೆ.

1976ರ ಏಪ್ರಿಲ್‌ನಲ್ಲಿ ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ವಿಚಾರಿಸಲು ವಿಶ್ವವಿದ್ಯಾಲಯದ ಪರವಾಗಿ ಒಂದು ಸಮಿತಿಯನ್ನು ರಚಿಸಿದರು. ಅವರೇ ಅಧ್ಯಕ್ಷರು. ಸತ್ಯಸಾಯಿ ಬಾಬಾ ಗಾಳಿಯಲ್ಲಿ ಕೈಯಾಡಿಸಿ ವಿಭೂತಿ, ಉಂಗುರ, ಸರ ತರಿಸುತ್ತಾರೆ ಎಂಬುದು ಆಗ ದೇಶವೆಲ್ಲ ಮಾತನಾಡುತ್ತಿದ್ದ ಸಂಗತಿ. ಬೇಸಿಗೆಯಲ್ಲಿ ಬಾಬಾ ಪುಟ್ಟಪರ್ತಿಯಿಂದ ವೈಟ್‌ಫೀಲ್ಡಿಗೆ ಬಂದು ಇರುವುದು ರೂಢಿ. ಅಂದರೆ ಪರೀಕ್ಷೆ ಮಾಡಬೇಕೆನ್ನುವವರೂ ಪರೀಕ್ಷೆಗೆ ಒಳಗಾಗಬೇಕಾದವರೂ ಒಂದೇ ಊರಿನ ಎರಡು ತುದಿಯಲ್ಲಿದ್ದರು.

ಅದು ತುರ್ತು ಪರಿಸ್ಥಿತಿಯ ಕಾಲ ಎಂಬುದನ್ನು ಮರೆಯಬಾರದು. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ಸಭೆ, ಮೆರವಣಿಗೆ, ಘೋಷಣೆ ಎಂದರೆ ಪೊಲೀಸರು ಬರುತ್ತಿದ್ದ ದಿನಗಳು. ನರಸಿಂಹಯ್ಯನವರು ಆಶ್ರಮದ ಮುಂದೆ ಜನ ಸೇರಿಸಲಿಲ್ಲ. ಕಾಗದ ಬರೆದರು. ನಮ್ಮ ಸಮಿತಿಯ ಮುಂದೆ, ನಾವು ಒಪ್ಪುವ ಷರತ್ತುಗಳಲ್ಲಿ, ತಮ್ಮ ಪವಾಡಗಳನ್ನು ತೋರಿಸಬೇಕು ಎಂದು ಕೇಳಿದರು. ಉತ್ತರ ಬರಲಿಲ್ಲ. ಎರಡನೆಯ ಕಾಗದ ಬರೆದರು, ಮೂರನೆಯದನ್ನೂ ಬರೆದರು. ಮೂರಕ್ಕೂ ಉತ್ತರವಿಲ್ಲ. ಕಾಗದಗಳು ಪತ್ರಿಕೆಗಳಲ್ಲಿ ಬಂದವು. ಪರ–ವಿರೋಧವಾಗಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ನರಸಿಂಹಯ್ಯನವರ ದಾರಿ ಸರಿಯಲ್ಲ, ವಿಜ್ಞಾನ ಇಂದ್ರಿಯಗಳಿಗೆ ಸಿಗುವುದನ್ನು ಮಾತ್ರ ನೋಡಬಲ್ಲದು, ಅಧ್ಯಾತ್ಮ ಅದನ್ನು ಮೀರಿದ್ದು ಎಂಬುದು ಬಾಬಾ ಅವರ ನಿಲುವಾಗಿತ್ತು. ಅದೇ ವರ್ಷ ಸಮಿತಿಯವರು ಮಂಡ್ಯ ಜಿಲ್ಲೆಯ ಪಾಂಡವಪುರಕ್ಕೆ ಹೋಗಿ, ವಿಭೂತಿ ಉದುರಿಸುತ್ತಾನೆಂದು ಹೆಸರಾಗಿದ್ದ ಒಬ್ಬ ಬಾಲಕನನ್ನು ನೋಡಿದರು. ಅದು ಪವಾಡವಲ್ಲ, ಬಚ್ಚಿಟ್ಟುಕೊಂಡ ಬೂದಿ ಎಂಬುದು ಬಯಲಾಯಿತು. ವೈಟ್‌ಫೀಲ್ಡಿನ ಬಾಗಿಲು ಮಾತ್ರ ತೆರೆಯಲಿಲ್ಲ. 1977ರ ಆಗಸ್ಟ್‌ನಲ್ಲಿ ಸಮಿತಿಯೇ ವಿಸರ್ಜನೆಯಾಯಿತು.

ಮಾವ ಈ ಕಾಗದಗಳ ಪತ್ರಿಕಾ ತುಣುಕುಗಳನ್ನು ಕತ್ತರಿಸಿ ಒಂದು ಫೈಲಿನಲ್ಲಿ ಅಂಟಿಸಿಟ್ಟಿದ್ದರು. ಅದೇ ಮನೆಯಲ್ಲಿ ನಮ್ಮ ಅಜ್ಜಿ, ಅಂದರೆ ಅವರ ತಾಯಿ, ಬಾಬಾ ಭಕ್ತೆ. ಬೇರಿಕೆಯಿಂದ ಬಸ್ಸಿನಲ್ಲಿ ಮಾಲೂರಿಗೆ ಹೋಗಿ, ಅಲ್ಲಿಂದ ರೈಲು ಹಿಡಿದು ವೈಟ್‌ಫೀಲ್ಡ್ ಸ್ಟೇಷನ್ನಿನಲ್ಲಿ ಇಳಿದು, ದರ್ಶನ ಮಾಡಿಕೊಂಡು ಸಂಜೆಗೆ ಮರಳುತ್ತಿದ್ದರು. ರಜೆಗೆ ಬಂದ ಮಗ ಊಟಕ್ಕೆ ಕುಳಿತಾಗ ಅಜ್ಜಿ ಒಮ್ಮೆ ಕೇಳಿದರಂತೆ: “ಏನಪ್ಪಾ, ನಿಮ್ಮ ಮೇಷ್ಟ್ರು ನಮ್ಮ ಸ್ವಾಮಿಗೆ ಕಾಗದ ಬರೆದಿದ್ದಾರಂತೆ?” ಮಾವ, “ಹೌದಮ್ಮಾ, ಇನ್ನೂ ಉತ್ತರ ಬಂದಿಲ್ಲ,” ಎಂದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೈದು ಬರೆದಿದ್ದಾರಾ?” ಎಂದು ಕೇಳಿದರು. “ಇಲ್ಲಮ್ಮಾ, ತೋರಿಸಿ ಅಂತ ಬರೆದಿದ್ದಾರೆ.” “ಹಾಗಾದರೆ ತಪ್ಪೇನಿಲ್ಲ ಬಿಡು. ಬೈಯಬಾರದು, ಅಷ್ಟೇ,” ಎಂದು ಅಜ್ಜಿ ಇನ್ನೊಂದು ಮುದ್ದೆ ಬಡಿಸಿದರಂತೆ. ಅವರು ಕೊನೆಯವರೆಗೂ ಭಕ್ತೆಯಾಗಿಯೇ ಇದ್ದರು, ಮಾವ ಕೊನೆಯವರೆಗೂ ಸಂಶಯದವರಾಗಿಯೇ ಇದ್ದರು. ಮನೆ ಒಡೆಯಲಿಲ್ಲ.

ನರಸಿಂಹಯ್ಯನವರು ಈ ಕೆಲಸದಲ್ಲಿ ಒಂಟಿಯಾಗಿರಲಿಲ್ಲ. ಈ ಸಂಚಿಕೆಯ ಮಲಯಾಳಂ ಪುಟಗಳನ್ನು ಓದುವವರಿಗೆ ಅಬ್ರಹಾಂ ಕೋವೂರರ ಹೆಸರು ಹೊಸದಲ್ಲ. ತಿರುವಲ್ಲದಲ್ಲಿ 1898ರಲ್ಲಿ ಹುಟ್ಟಿ, ಸಿಲೋನಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದು, ನಿವೃತ್ತಿಯ ನಂತರ ಪವಾಡ ಮಾಡಿ ತೋರಿಸಿದವರಿಗೆ ಲಕ್ಷ ರೂಪಾಯಿ ಕೊಡುವೆನೆಂದು ಸವಾಲು ಹಾಕಿದವರು ಅವರು. 1972ರ ಮಲಯಾಳಂ ಚಿತ್ರ ‘ಪುನರ್ಜನ್ಮಂ’ ಅವರ ಅನುಭವದ ಟಿಪ್ಪಣಿಗಳಿಂದ ಹುಟ್ಟಿದ್ದು. ಕೋವೂರರು 1978ರಲ್ಲಿ ತೀರಿಕೊಂಡರು. ಕೋಳಿಕ್ಕೋಡಿನಲ್ಲಿ ಹುಟ್ಟಿ ಕೊಯಮತ್ತೂರಿನ ಪೋತನೂರಿನಲ್ಲಿ ನೆಲೆಸಿದ ಬಸವ ಪ್ರೇಮಾನಂದರು ಅದೇ ದಾರಿಯಲ್ಲಿ ಮುಂದೆ ನಡೆದರು. 1986ರಲ್ಲಿ ಅವರು ಸುಮಾರು 500 ಜನರೊಡನೆ ಪುಟ್ಟಪರ್ತಿಯ ಕಡೆಗೆ ನಡೆದಾಗ ಪೊಲೀಸರು ಅವರನ್ನು ಬಂಧಿಸಿದರು. ಅದೇ ಸುಮಾರಿಗೆ ಅವರು ಕೋರ್ಟಿಗೂ ಹೋದರು. ಆಗ ಚಿನ್ನದ ನಿಯಂತ್ರಣ ಕಾಯ್ದೆ ಜಾರಿಯಲ್ಲಿತ್ತು. ಬಾಬಾ ಗಾಳಿಯಿಂದ ಚಿನ್ನದ ಸರ ತಯಾರಿಸುತ್ತಾರೆ ಎನ್ನುವುದಾದರೆ ಅದಕ್ಕೆ ಅಧಿಕಾರಿಯ ಅನುಮತಿ ಎಲ್ಲಿ ಎಂಬುದು ಅವರ ಪ್ರಶ್ನೆ. ಅರ್ಜಿ ವಜಾ ಆಯಿತು. ಅಧ್ಯಾತ್ಮ ಶಕ್ತಿ ಎಂಬುದು ಕಾನೂನು ಒಪ್ಪುವ ಸಮರ್ಥನೆಯಲ್ಲ ಎಂದು ಅವರು ಮೇಲ್ಮನವಿ ಹಾಕಿದರು. ಚಿನ್ನದ ಮೇಲೆ ಸಾಲ ಕೊಡುವ ಬ್ಯಾಂಕಿನವನಾದ ನನಗೆ ಈ ಪ್ರಶ್ನೆ ಬಹಳ ಹಿಡಿಸಿತು. ಒಡವೆ ತಂದವರನ್ನು ನಾವು ಮೊದಲು ಕೇಳುವುದೇ ಅದು ಯಾರದು, ಎಲ್ಲಿಂದ ಬಂತು ಎಂದಲ್ಲವೇ?

ಇನ್ನೊಂದು ಮಾತನ್ನೂ ಹೇಳದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. 2001ರಲ್ಲಿ ವೈಟ್‌ಫೀಲ್ಡಿನಲ್ಲಿ ಸತ್ಯಸಾಯಿ ಸಂಸ್ಥೆಯ ದೊಡ್ಡ ಆಸ್ಪತ್ರೆ ಆರಂಭವಾಯಿತು. ಹೃದಯದ ಶಸ್ತ್ರಚಿಕಿತ್ಸೆಯನ್ನು ಅಲ್ಲಿ ಹಣ ತೆಗೆದುಕೊಳ್ಳದೆ ಮಾಡುತ್ತಾರೆ. ನಮ್ಮಂಥ ಗಡಿಯೂರಿನ ಬಡವರಿಗೆ ಅದು ಸಣ್ಣ ಉಪಕಾರವಲ್ಲ. ಬಾಬಾ 2011ರ ಏಪ್ರಿಲ್ 24ರಂದು ತೀರಿಕೊಂಡರು. ಆಸ್ಪತ್ರೆ ಇರುವುದರಿಂದ ಮೂರು ಕಾಗದಗಳ ಪ್ರಶ್ನೆ ಬಿದ್ದುಹೋಗುವುದಿಲ್ಲ. ಪ್ರಶ್ನೆ ಇದೆಯೆಂದು ಆಸ್ಪತ್ರೆಯ ಉಪಕಾರವೂ ಸುಳ್ಳಾಗುವುದಿಲ್ಲ. ಜಮೆಯನ್ನು ಜಮೆಯ ಕಡೆ, ಖರ್ಚನ್ನು ಖರ್ಚಿನ ಕಡೆ ಬರೆಯಬೇಕು.

ಎರಡನೆಯ ಕಥೆ ನಮ್ಮ ಕಣ್ಣ ಮುಂದೆಯೇ ನಡೆದದ್ದು. ನಿತ್ಯಾನಂದರು ತಮಿಳುನಾಡಿನ ತಿರುವಣ್ಣಾಮಲೈಯವರು. 2003ರಲ್ಲಿ ಬಿಡದಿಯಲ್ಲಿ ಧ್ಯಾನಪೀಠವನ್ನು ಸ್ಥಾಪಿಸಿದರು. ಕೆಲವೇ ವರ್ಷಗಳಲ್ಲಿ ದೇಶ–ವಿದೇಶಗಳಲ್ಲಿ ಶಿಷ್ಯರಾದರು. 2010ರ ಮಾರ್ಚ್ 2ರಂದು ಒಂದು ತಮಿಳು ಟಿ.ವಿ. ವಾಹಿನಿ ಅವರದೆಂದು ಹೇಳಿ ಒಂದು ದೃಶ್ಯವನ್ನು ಬಿತ್ತರಿಸಿತು. ಅದು ಕೃತಕ ಎಂದು ಆಶ್ರಮದವರು ಹೇಳಿದರು. ಆದರೆ ಜನ ಕಾಯಲಿಲ್ಲ. ಬಿಡದಿಯ ಆಶ್ರಮಕ್ಕೆ ನುಗ್ಗಿ ಧ್ವಂಸ ಮಾಡಿದರು. ತಮಿಳುನಾಡಿನಲ್ಲೂ ಅವರ ಚಿತ್ರಪಟಗಳನ್ನು ಸುಟ್ಟರು. ಚೆನ್ನೈಯಲ್ಲಿ ದಾಖಲಾದ ದೂರು, ಆಶ್ರಮ ಬಿಡದಿಯಲ್ಲಿದ್ದ ಕಾರಣ, ಕರ್ನಾಟಕ ಪೊಲೀಸರಿಗೆ ವರ್ಗವಾಯಿತು. ಏಪ್ರಿಲ್ 21ರಂದು ಹಿಮಾಚಲ ಪ್ರದೇಶದ ಸೋಲನ್ ಜಿಲ್ಲೆಯಲ್ಲಿ ಅವರನ್ನು ಬಂಧಿಸಿದರು. ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ನೀಡಿತು.

ಎರಡು ವರ್ಷ ಕಳೆದ ಮೇಲೆ ಮತ್ತೆ ಗಲಾಟೆ. 2012ರ ಜೂನ್ 7ರಂದು ಬಿಡದಿ ಆಶ್ರಮದಲ್ಲಿ ಕರೆದ ಪತ್ರಿಕಾಗೋಷ್ಠಿಯಲ್ಲಿ ಒಬ್ಬ ಕನ್ನಡ ಟಿ.ವಿ. ವರದಿಗಾರ ಅವರ ಮೇಲಿನ ಹೊಸ ಆರೋಪಗಳ ಬಗ್ಗೆ ಪ್ರಶ್ನೆ ಕೇಳಿದಾಗ ತಳ್ಳಾಟವಾಯಿತು. ಎರಡೂ ಕಡೆಯವರು ಪೊಲೀಸರಿಗೆ ದೂರು ಕೊಟ್ಟರು. ಕನ್ನಡ ಪರ ಸಂಘಟನೆಗಳು ಆಶ್ರಮದ ಮುಂದೆ ಪ್ರತಿಭಟನೆಗೆ ಇಳಿದವು.

ಆ ಭಾನುವಾರ, ಜೂನ್ 10ರಂದು, ನಾನು ಮದ್ದೂರಿನ ಕಡೆ ಒಂದು ಮದುವೆ ಮುಗಿಸಿಕೊಂಡು ಬರುತ್ತಿದ್ದೆ. ಜೊತೆಯಲ್ಲಿದ್ದ ಇಬ್ಬರು ಗೆಳೆಯರು ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನೋಣ, ಹಾಗೆಯೇ ಆಶ್ರಮದ ಕಡೆ ಏನು ನಡೆದಿದೆ ನೋಡೋಣ ಎಂದರು. ನಮ್ಮಂತೆ ಸುಮ್ಮನೆ ನೋಡಲು ಬಂದವರೂ ಇದ್ದರು. ಹೋಟೆಲಿನ ಮುಂದೆ ನಿಂತ ಗುಂಪಿನಲ್ಲಿ ಮಾತು ಬಿಸಿಯಾಗಿತ್ತು. ತಪ್ಪು ಮಾಡಿದ್ದರೆ ಶಿಕ್ಷೆಯಾಗಬೇಕು ಎಂದು ಒಬ್ಬರು ಹೇಳಿದರು. ನಾನೂ ತಲೆಯಾಡಿಸಿದೆ. ಅಷ್ಟರಲ್ಲಿ ಒಬ್ಬ ಹುಡುಗ ಗಟ್ಟಿಯಾಗಿ, “ಶಿಕ್ಷೆ ಗಿಕ್ಷೆ ಬೇಡ ಸಾರ್, ಈ ತಮಿಳರನ್ನೆಲ್ಲ ತಮಿಳುನಾಡಿಗೆ ಓಡಿಸಬೇಕು,” ಎಂದ. ನಾಲ್ಕು ಜನ ಹೌದು ಹೌದು ಎಂದರು. ನಮ್ಮನ್ನು ನೋಡಿ, “ಯಾವ ಊರು ನಿಮ್ಮದು?” ಎಂದ. ನಾನು ಬೇರಿಕೆ ಎನ್ನಲಿಲ್ಲ. “ಮಾಲೂರಿನ ಹತ್ತಿರ,” ಎಂದೆ. ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಆ ಅರೆಸುಳ್ಳು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕನ್ನಡಕ್ಕಾಗಿ ಕೂಗುತ್ತಿದ್ದವರ ನಡುವೆ ನಿಂತು, ಕನ್ನಡಿಗನಾದ ನಾನು ಊರಿನ ಹೆಸರು ಹೇಳಲು ಹೆದರಿದೆ.

ಈ ಹೆದರಿಕೆಗೆ ಕಾರಣ ಬೇಕೇ? 1991ರ ಡಿಸೆಂಬರ್‌ನಲ್ಲಿ ಕಾವೇರಿ ಗಲಭೆ ಬೆಂಗಳೂರಿನಲ್ಲಿ ಹೊತ್ತಿದಾಗ ನಾನು ಶಾಲೆಯ ಹುಡುಗ. 2000ದ ಜುಲೈನಲ್ಲಿ ಡಾ. ರಾಜ್‌ಕುಮಾರ್ ಅವರ ಅಪಹರಣವಾದಾಗ ಮತ್ತೆ ಅದೇ ಭಯ. ಮುಂದೆ 2016ರ ಸೆಪ್ಟೆಂಬರ್‌ನಲ್ಲೂ ಅದೇ. ಬೆಂಗಳೂರಿನಲ್ಲಿ ಬಿಸಿ ಏರಿದರೆ ಬಸ್ಸುಗಳು ಅತ್ತಿಬೆಲೆ ಗಡಿಯಲ್ಲಿ ನಿಲ್ಲುತ್ತವೆ. ಅಲ್ಲಿ ತಮಿಳರನ್ನು ಬೈದರೆ ಇಲ್ಲಿ ಅದರ ಉತ್ತರವನ್ನು ನಾವು ಕೊಡಬೇಕು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳ ಕನ್ನಡ ಪಾಠ ಉಳಿಯಲಿ ಎಂದು ಅರ್ಜಿ ಹಿಡಿದು ಓಡಾಡಿದವರು ನಾವು. ನೆರೆಹೊರೆಯ ಒಳ್ಳೆಯ ಮನಸ್ಸು ನಮಗೆ ಅಕ್ಕಿ–ರಾಗಿಯಷ್ಟೇ ಬೇಕಾದದ್ದು.

ಮರುದಿನ ಸೋಮವಾರ ಅಂದಿನ ಮುಖ್ಯಮಂತ್ರಿ ಡಿ.ವಿ. ಸದಾನಂದಗೌಡರು ಆಶ್ರಮಕ್ಕೆ ಬೀಗ ಹಾಕಿ ನಿತ್ಯಾನಂದರನ್ನು ಬಂಧಿಸಲು ಆದೇಶಿಸಿದರು. ಅವರು ಜೂನ್ 13ರಂದು ರಾಮನಗರದ ನ್ಯಾಯಾಲಯಕ್ಕೆ ಶರಣಾದರು. ಆ ವಾರ ನನ್ನ ಕೌಂಟರಿಗೆ ಪಿಂಚಣಿ ಪಡೆಯಲು ಒಬ್ಬ ನಿವೃತ್ತ ತಮಿಳು ಮೇಷ್ಟ್ರು ಬಂದರು. ಮಧುರೆಯ ಕಡೆಯವರು, ಹಣೆಯ ತುಂಬ ವಿಭೂತಿ ಇಡುವ ಶೈವರು. ಪಾಸ್‌ಬುಕ್ ಚಾಚುತ್ತಾ, “ತಂಬಿ, ಬಿಡದಿಯಲ್ಲಿ ಏನು ನಡೀತಿದೆ?” ಎಂದರು. ನಾನು ಏನು ಹೇಳುವುದೆಂದು ತಡವರಿಸಿದೆ. ಅವರ ಮನಸ್ಸಿಗೆ ನೋವಾಗಿದೆ ಎಂದುಕೊಂಡೆ. ಅವರು ನಕ್ಕು ಹೇಳಿದರು: “ನಾನೂ ಅವರ ವಿರುದ್ಧವೇ ತಂಬಿ. ಆ ಮನುಷ್ಯನನ್ನು ನಮ್ಮ ಮಧುರೆ ಆಧೀನದಿಂದ ಇಳಿಸಿ ಅಂತ ನಾನು ಹೆಸರು, ವಿಳಾಸ ಹಾಕಿ ಸರ್ಕಾರಕ್ಕೆ ಕಾರ್ಡು ಬರೆದಿದ್ದೇನೆ.”

ಅವರ ಮಾತಿನ ಹಿನ್ನೆಲೆಯನ್ನು ಹೇಳಬೇಕು. ಮಧುರೆ ಆಧೀನವೆಂಬುದು ತಿರುಜ್ಞಾನಸಂಬಂಧರ ಪರಂಪರೆಯ ಹಳೆಯ ಶೈವ ಮಠ. 2012ರ ಏಪ್ರಿಲ್ 27ರಂದು ಅದರ 292ನೆಯ ಗುರುಗಳಾದ ಅರುಣಗಿರಿನಾಥರು ನಿತ್ಯಾನಂದರನ್ನು 293ನೆಯವರಾಗಿ ನೇಮಿಸಿದರು. ತಮಿಳುನಾಡಿನಲ್ಲಿ ದೊಡ್ಡ ವಿರೋಧ ಎದ್ದಿತು. ಬೇರೆ ಶೈವ ಆಧೀನಗಳ ಮುಖ್ಯಸ್ಥರು ಒಪ್ಪಲಿಲ್ಲ. ತಮಿಳು ಭಕ್ತರೇ ಪ್ರತಿಭಟಿಸಿದರು, ಹೈಕೋರ್ಟಿಗೆ ಹೋದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರುಣಗಿರಿನಾಥರೇ ಆ ನೇಮಕವನ್ನು ರದ್ದು ಮಾಡಿದರು.

ಬಿಡದಿಯ ಹೋಟೆಲಿನ ಮುಂದೆ ಆ ಹುಡುಗನಿಗೆ ಈ ಸಂಗತಿ ಗೊತ್ತಿದ್ದರೆ ಹಾಗೆ ಕೂಗುತ್ತಿದ್ದನೋ ಇಲ್ಲವೋ. ಬಿಡದಿಯಲ್ಲಿ ಕನ್ನಡಿಗರು ಕೇಳುತ್ತಿದ್ದುದನ್ನೇ ಮಧುರೆಯಲ್ಲಿ ತಮಿಳರು ಕೇಳುತ್ತಿದ್ದರು. ಮೊದಲ ದೂರು ಬಂದದ್ದೂ ಚೆನ್ನೈಯಿಂದಲೇ. ಪ್ರಶ್ನೆ ಭಾಷೆಯದಾಗಿರಲಿಲ್ಲ. ಗುರುವಿನ ಸ್ಥಾನದಲ್ಲಿ ಕುಳಿತವನ ನಡತೆಯದು, ಭಕ್ತರು ನಂಬಿ ಕೊಟ್ಟ ಹಣ ಮತ್ತು ಮಾನದ್ದು. ಅದನ್ನು ಭಾಷೆಯ ಪ್ರಶ್ನೆ ಮಾಡಿದ ಕೂಡಲೇ ಆಶ್ರಮದವರಿಗೆ ಅನುಕೂಲವಾಗುತ್ತದೆ. ಹೊರಗಿನವರೆಂದು ನಮ್ಮನ್ನು ಹೊಡೆಯುತ್ತಿದ್ದಾರೆ ಎನ್ನಬಹುದು, ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಜಾರಬಹುದು. ಕಲ್ಲಿನಿಂದಲೂ ಆಗುವುದು ಅದೇ. ಗಾಜು ಒಡೆದ ದಿನದಿಂದ ಮಾತು ಗಾಜಿನ ಬಗ್ಗೆ ಆಗುತ್ತದೆ, ಆರೋಪದ ಬಗ್ಗೆ ಅಲ್ಲ.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. 2018ರ ಜೂನ್‌ನಲ್ಲಿ ರಾಮನಗರದ ನ್ಯಾಯಾಲಯ ಅತ್ಯಾಚಾರವೂ ಸೇರಿದಂತೆ ದೋಷಾರೋಪಗಳನ್ನು ಹೊರಿಸಿತು. ಅವರು ಎಲ್ಲವನ್ನೂ ಅಲ್ಲಗಳೆದರು. 2019ರ ನವೆಂಬರ್‌ನಲ್ಲಿ, ಅಹಮದಾಬಾದಿನ ಹತ್ತಿರದ ಆಶ್ರಮದ ಬಗ್ಗೆ ಇನ್ನೊಂದು ಪ್ರಕರಣ ನಡೆಯುತ್ತಿದ್ದಾಗ, ಅವರು ದೇಶ ಬಿಟ್ಟು ಹೋಗಿದ್ದಾರೆ ಎಂದು ಗುಜರಾತ್ ಪೊಲೀಸರು ಹೇಳಿದರು. 2020ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನನ್ನು ರದ್ದುಪಡಿಸಿತು. ‘ಕೈಲಾಸ’ ಎಂಬ ದೇಶ ಕಟ್ಟಿರುವುದಾಗಿ ಹೇಳಿಕೊಂಡರು. 2023ರಲ್ಲಿ ಆ ‘ದೇಶ’ದ ಪ್ರತಿನಿಧಿಗಳು ಜಿನೀವಾದ ವಿಶ್ವಸಂಸ್ಥೆಯ ಸಭೆಯಲ್ಲೂ ಕಾಣಿಸಿಕೊಂಡರು. ಎರಡು ಸಲ ಬಾಗಿಲಲ್ಲಿ ಅಷ್ಟು ಕೂಗಿದ ನಮಗೆ ಕೊನೆಗೆ ಸಿಕ್ಕಿದ್ದೇನು? ಆರೋಪಿಯಿಲ್ಲದ ಕಟಕಟೆ. ಕೂಗಿದ್ದು ಎರಡು ವಾರ, ಮೊಕದ್ದಮೆ ಹತ್ತಾರು ವರ್ಷ. ಆ ಹತ್ತಾರು ವರ್ಷ ಕೋರ್ಟಿನ ಬಾಗಿಲಲ್ಲಿ ಕಾದು ನೋಡುವವರು ಯಾರೂ ಇರಲಿಲ್ಲ. ದೂರು ಕೊಟ್ಟವರು ಮಾತ್ರ ಹೋಗಿ ಬರುತ್ತಿದ್ದರು.

ಹಾಗೆಂದು ಕಾಗದ ಬರೆಯುವುದು ಸುಲಭದ ದಾರಿ ಎಂದು ಯಾರೂ ತಿಳಿಯಬಾರದು. ಮಹಾರಾಷ್ಟ್ರದಲ್ಲಿ ಮೂಢನಂಬಿಕೆಯ ವಿರುದ್ಧ ಜೀವಮಾನ ದುಡಿದ ನರೇಂದ್ರ ದಾಭೋಲ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಕೊಂದರು. ನಮ್ಮ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಕೊಂದರು. ಹೆಸರು, ವಿಳಾಸ ಹಾಕಿ ಪ್ರಶ್ನೆ ಕೇಳುವವನಿಗೆ ಅಪಾಯವಿದೆ. ಗುಂಪಿನಲ್ಲಿ ಕಲ್ಲು ಎಸೆಯುವವನಿಗೆ ಅಷ್ಟು ಅಪಾಯವಿಲ್ಲ. ಅವರಿಬ್ಬರಲ್ಲಿ ಧೈರ್ಯವಂತ ಯಾರು ಎಂದು ನಮ್ಮ ಮಕ್ಕಳಿಗೆ ತಿಳಿಸಿ ಹೇಳಬೇಕು. ಕರ್ನಾಟಕದಲ್ಲಿ ಅಮಾನವೀಯ ಆಚರಣೆ ಮತ್ತು ವಾಮಾಚಾರ ತಡೆಯುವ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಿಂದ ಜಾರಿಗೆ ಬಂದಿದೆ. ಇದು ಕಲ್ಲಿನ ಫಲವಲ್ಲ, ಇಂಥವರ ಪ್ರಶ್ನೆಗಳ ಫಲ.

ಬ್ಯಾಂಕಿನಲ್ಲಿ ನಾವು ಸಹಿ ಇಲ್ಲದ ಚೀಟಿಗೆ ಹಣ ಕೊಡುವುದಿಲ್ಲ. 1976ರ ಮೂರು ಕಾಗದಗಳಿಗೆ ಸಹಿ ಇತ್ತು. ನಮ್ಮ ಮಧುರೆಯ ಮೇಷ್ಟ್ರ ಕಾರ್ಡಿಗೂ ಸಹಿ ಇತ್ತು. ಬಿಡದಿಯಲ್ಲಿ ನಾನು ನನ್ನ ಊರಿನ ಹೆಸರನ್ನೇ ಮುಚ್ಚಿಟ್ಟೆ. ಗಡಿನಾಡಿನ ನಾವು ಯಾವ ಮಠ, ಯಾವ ಆಶ್ರಮ, ಯಾವ ಪ್ರಾರ್ಥನಾ ಮಂದಿರದ ಬಾಗಿಲಲ್ಲಾದರೂ ಪ್ರಶ್ನೆ ಕೇಳಬೇಕಾಗಿ ಬಂದರೆ, ಹೆಸರು ಹೇಳಿ ಕೇಳೋಣ. ನೆರೆಯವನ ಭಾಷೆಯನ್ನು ಅದಕ್ಕೆ ಎಳೆಯದೆ ಕೇಳೋಣ. ಉತ್ತರ ಬರುವವರೆಗೆ ಬಿಡದೆ ಕೇಳೋಣ.

ಎಚ್. ನರಸಿಂಹಯ್ಯನವರು 2005ರ ಜನವರಿ 31ರಂದು ತೀರಿಕೊಂಡರು. ಮಾವನೂ ಈಗ ಇಲ್ಲ. ಅವರ ಫೈಲು ನನ್ನ ಬಳಿ ಬಂದಿದೆ. ಅಂಟು ಬಿಟ್ಟು ಕಾಗದ ಹಳದಿಯಾಗಿದೆ. ನಮ್ಮ ಮನೆಯ ಟ್ರಂಕಿನಲ್ಲಿ ಅದು ಅಜ್ಜಿಯ ಬಾಬಾ ಪಟ ಮತ್ತು ವಿಭೂತಿ ಡಬ್ಬಿಯ ಪಕ್ಕದಲ್ಲೇ ಇದೆ. ಬೇರೆ ಕಡೆ ಇಡಬೇಕೆಂದು ನನಗೆ ಅನ್ನಿಸಿಲ್ಲ. ಈ ಕಾಲದ ಪತ್ರಿಕಾ ತುಣುಕುಗಳು, ಕಾಗದಪತ್ರಗಳು ಕಾಸರಗೋಡಿನ ಕಡೆಯ ಹಿರಿಯರ ಮನೆಗಳಲ್ಲೂ ಇರಬಹುದು, ಕನ್ನಡದಲ್ಲೂ ಮಲಯಾಳಂನಲ್ಲೂ. ದಯವಿಟ್ಟು ಅವುಗಳನ್ನು ರದ್ದಿಗೆ ಹಾಕಬೇಡಿ.